ಸಮತಟ್ಟು ಜೆರುಸಲೇಮು

ಭೋಜರಾಜ ಜೆರುಸಲೇಮನ್ನು ಕಂಡವನಲ್ಲ. ಆದರೆ ಆ ಊರಿನ ದಾರಿಯನ್ನು ಅವನಷ್ಟು ಜನರಿಗೆ ಹೇಳಿಕೊಟ್ಟವರು ಮಸ್ಕತ್ತಿನಲ್ಲಿ ಇನ್ನೊಬ್ಬರಿರಲಿಲ್ಲ. ಅಲ್ಲಿಯ ಅಲ್ ಖುವೈರ್ ಬಡಾವಣೆಯ ಟ್ರಾವೆಲ್ ಆಫೀಸೊಂದರಲ್ಲಿ ಅವನ ಕೆಲಸ. ಯಾತ್ರೆಗೆ ಮೊದಲು ಗುಂಪನ್ನು ಹೋಟೆಲೊಂದರ ಸಭಾಂಗಣದಲ್ಲಿ ಕೂರಿಸಿ, ಗೋಡೆಗೆ ನಕ್ಷೆ ಅಂಟಿಸಿ, ಪವಿತ್ರ ನಗರವನ್ನು ಮಂಗಳೂರಿನ ಮೇಲೆ ಹಾಸಿಬಿಡುತ್ತಿದ್ದ.

"ಆಲಿವ್ ಗುಡ್ಡ ಅಂದ್ರೆ ನಮ್ಮ ಕದ್ರಿ ಗುಡ್ಡ ಅಂತ ಇಟ್ಕೊಳ್ಳಿ. ಇಳಿದ್ರೆ ಕಿದ್ರೋನ್ ಕಣಿವೆ. ದಾಟಿದ್ರೆ ಕೋಟೆಗೋಡೆ. ಒಳಗೆ ಶಿಲುಬೆಯ ಹಾದಿ, ನಮ್ಮ ಕಾರ್‌ಸ್ಟ್ರೀಟ್ ಹಾಗೆ, ಎರಡೂ ಬದಿ ಅಂಗಡಿ. ಶಿಲುಬೆಗೇರಿಸಿದ ಗೊಲ್ಗೊಥಾ ನೋಡಿ ಸ್ವಲ್ಪ ನಡೆದ್ರೆ ಯೇಸುವಿನ ಸಮಾಧಿ. ನಡುವೆ ಲಿಂಬೆ ಶರಬತ್ತು ಸಿಗ್ತದೆ."

ಶರಬತ್ತಿನ ಅಂಗಡಿ ಅವನ ಸ್ವಂತ ನಿರ್ಮಾಣ. ಬಿಸಿಲಿನ ಊರು, ಇಲ್ಲದೆ ಇರುತ್ತದೆಯೇ ಎಂಬುದು ಅವನ ತರ್ಕ.

"ನನ್ನನ್ನು ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿ ಎಷ್ಟು ಕಾಲ ಆಯ್ತು? ದಾರಿ ಹೇಳುದು ಮಾತ್ರ ಪೊರ್ಬುಗಳಿಗೆ" ಎಂದು ಹೆಂಡತಿ ದಮಯಂತಿ ಆಗಾಗ ಚುಚ್ಚುತ್ತಿದ್ದಳು. ತುಳುವರ ಬಾಯಲ್ಲಿ ಕ್ರೈಸ್ತ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮಂದಿರು.

ಕೋವಿಡ್ ಕಳೆದು ಯಾತ್ರೆಗಳು ಮತ್ತೆ ಶುರುವಾದ ವರ್ಷ, ಒಂದು ಗುಂಪಿಗೆ ಒಬ್ಬರು ಕಡಿಮೆ ಬಿದ್ದರು. ಭರ್ತಿಯಾಗದಿದ್ದರೆ ಯಾತ್ರೆಯೇ ರದ್ದು. ಆಗ ಬಂದವನು ಇವಾನ್, ಭೋಜರಾಜನ ಹಳೆಯ ಗೆಳೆಯ. ಜೊತೆಗೆ ಅವನ ತಾಯಿ ಸೆವ್ರಿನ್ ಬಾಯಿ. ಸಾಯುವ ಮೊದಲು ಯೇಸುವಿನ ಊರು ನೋಡಬೇಕೆಂಬ ಆಸೆ ಆಕೆಯದು. ಮಗನಿಗೆ ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಅರಬಿ ಧಣಿ, ರಜೆ ಕೊಡಲೊಲ್ಲ.

"ನನ್ನ ಮೊಣಕಾಲು ಹೀಗೆ ಉಂಟಲ್ಲ ಭೋಜಾ, ಮೆಟ್ಟಿಲೆಲ್ಲ ಉಂಟಾ ಅಲ್ಲಿ?"

ಹೋಗಿ ಬಂದವರೆಲ್ಲ ದೇವರ ಮಾತಿಗಿಂತ ಮೊದಲು ಮೆಟ್ಟಿಲಿನ ಮಾತೆತ್ತುತ್ತಿದ್ದುದು ಭೋಜರಾಜನಿಗೆ ಚೆನ್ನಾಗಿ ನೆನಪಿತ್ತು. ಖಾಲಿ ಸೀಟೂ ನೆನಪಿತ್ತು.

"ಎಂತ ಮೆಟ್ಟಿಲು ಬಾಯಮ್ಮ? ನೆಹರೂ ಮೈದಾನದ ಹಾಗೆ, ಎಲ್ಲ ಸಮತಟ್ಟು."

ಸೆವ್ರಿನ್ ಬಾಯಿ ಹೋದಳು, ಬಂದಳು. ಇವಾನ್ ಮನೆಯಲ್ಲಿ ಊಟ ಇಟ್ಟುಕೊಂಡ. ಬಂದವರೆಲ್ಲ ಆಕೆಯ ಕೈಮುಟ್ಟಿ ಕಣ್ಣಿಗೊತ್ತಿಕೊಂಡರು. ಆಕೆ ಶಿಲುಬೆಯ ಹಾದಿಯನ್ನು ವರ್ಣಿಸಿದಳು: ಎರಡೂ ಬದಿ ಅಂಗಡಿ, ನಮ್ಮ ಕಾರ್‌ಸ್ಟ್ರೀಟಿನ ಹಾಗೆಯೇ. ಗೊಲ್ಗೊಥಾ ನೋಡಿ ಸ್ವಲ್ಪ ನಡೆದರಂತೆ. ನಡುವೆ ಲಿಂಬೆ ಶರಬತ್ತು ಕುಡಿದರಂತೆ. ಆಮೇಲೆ ಸಮಾಧಿ.

ಭೋಜರಾಜನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಗೊಲ್ಗೊಥಾ, ಸಮಾಧಿ ಎರಡೂ ಒಂದೇ ಚರ್ಚಿನ ಮಾಡಿನಡಿ ಇವೆಯೆಂದು ಅಲ್ಲಿಯ ಗೈಡು ಈಚೆಗಷ್ಟೇ ಫೋನಿನಲ್ಲಿ ಅವನನ್ನು ಗೇಲಿ ಮಾಡಿದ್ದ. ಈಕೆ ಒಳಗೆ ಕಾಲಿಟ್ಟೇ ಇಲ್ಲ. ಸಭೆಯಲ್ಲಿ ಕೇಳಿದ ಇವನ ಮಾತನ್ನೇ, ತಪ್ಪುಗಳ ಸಮೇತ, ನೋಡಿದೆನೆಂದು ಹೇಳುತ್ತಿದ್ದಾಳೆ. ಆ ಸಲದ ಗುಂಪಿನ ಉಳಿದವರೆಲ್ಲ ದೂರದ ಸೊಹಾರ್ ಊರಿನ ಮಲಯಾಳಿಗಳು. ಅಲ್ಲವೆನ್ನಲು ಇಲ್ಲಿ ಯಾರೂ ಇರಲಿಲ್ಲ, ಅವನೊಬ್ಬನ ಹೊರತು.

ಅಲ್ಲಿಂದ ಮುಂದೆ ಇವಾನ್‌ನ ಫೋನು ಬಂದರೆ ಭೋಜರಾಜನಿಗೆ ಆಫೀಸಿನಲ್ಲಿ ಇಲ್ಲದ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಆದರೂ ಮುಂದಿನ ಗುಂಪಿನ ಸಭೆಗೆ ಇವಾನ್ ತಾನಾಗಿಯೇ ತಾಯಿಯನ್ನು ಕರೆತಂದ. "ನೋಡಿದವರ ಬಾಯಿಂದ ಕೇಳಿದ್ರೆ ಬೇರೆಯೇ ಅಲ್ವಾ ಮಾರಾಯ!" ಸೆವ್ರಿನ್ ಬಾಯಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ.

ನಕ್ಷೆಯ ಮುಂದೆ ಭೋಜರಾಜ ಬಾಯಿ ತೆರೆಯುವುದರೊಳಗೆ, ಊರುಗೋಲು ಹಿಡಿದ ಜೋಕಿಂ ಎಂಬ ಮುದುಕ ಎದ್ದು ನಿಂತ. "ಹತ್ತುದು ಗಿತ್ತುದು ಉಂಟಾ? ನನ್ನಿಂದ ಆಗುದಿಲ್ಲ, ಈಗಲೇ ಹೇಳಿ."

ಭೋಜರಾಜ ನಕ್ಷೆಯ ಕಡೆ ತಿರುಗಿಯೇ ಹೇಳಿದ. "ಉಂಟು. ತುಂಬಾ ಉಂಟು. ಹಾದಿಯೇ ಮೆಟ್ಟಿಲು. ನಿಮಗೆ ಕಷ್ಟ."

"ಇಲ್ಲಪ್ಪ" ಎಂದಳು ಸೆವ್ರಿನ್ ಬಾಯಿ. "ಸಮತಟ್ಟು. ನಾನು ಹೋಗ್ಲಿಲ್ವಾ ಈ ಕಾಲಿನಲ್ಲಿ?"

ಸಭೆಯಲ್ಲಿ ನಗೆಯೆದ್ದಿತು. "ಭೋಜಣ್ಣ, ನೀವು ನಕ್ಷೆಯಲ್ಲಿ ನೋಡಿದ್ದು, ಬಾಯಮ್ಮ ಕಣ್ಣಲ್ಲಿ ನೋಡಿದ್ದು" ಎಂದ ಯಾರೋ. ಜೋಕಿಂ ಖುಷಿಯಿಂದ ಕೂತ. ಜೀವಮಾನದಲ್ಲಿ ಒಮ್ಮೆ ಆ ಊರಿನ ಬಗ್ಗೆ ನಿಜ ನುಡಿದರೆ ಹೀಗಾಯಿತು.

ಚಹಾ ಬಂದಾಗ ಭೋಜರಾಜ ಆಕೆಯ ಪಕ್ಕ ಕೂತ. ಇವಾನ್ ಆಚೆ ಬಿಸ್ಕೀಟು ಹಂಚುತ್ತಿದ್ದ.

"ಬಾಯಮ್ಮ, ನೀವು ಹತ್ಲಿಲ್ಲ. ನನಗೆ ಗೊತ್ತುಂಟು."

ಆಕೆ ಲೋಟ ಕೆಳಗಿಟ್ಟಳು.

"ನೀನು ಸಮತಟ್ಟು ಅಂದಿದ್ದೆ. ನೋಡಿದ್ರೆ ಮೆಟ್ಟಿಲು. ಉಳಿದವರೆಲ್ಲ ಹಾಡು ಹೇಳ್ತಾ ಹೋದ್ರು, ನನಗೆ ಮಾತ್ರ ಕಾಲು ಏಳ್ಲಿಲ್ಲ. ನನ್ನದೇ ಎಂತದೋ ಪಾಪ ಉಂಟು, ದೇವರು ಬಾಗಿಲ ಹೊರಗೆ ಕೂರಿಸಿದ ಅಂತ ಗ್ರಹಿಸಿದೆ. ನನ್ನ ಪುತಾ ಇವಾನ್‌ಗೆ ಹೇಗೆ ಹೇಳುದು? ಎಷ್ಟು ಖರ್ಚು ಮಾಡಿ ಕಳಿಸಿದ್ದಾನೆ."

ಬೈಗುಳಕ್ಕೆ ಭೋಜರಾಜ ತಯಾರಾಗಿದ್ದ. ಇದಕ್ಕಲ್ಲ.

"ನಿಮ್ಮ ಪಾಪ ಅಲ್ಲ ಬಾಯಮ್ಮ. ಮೆಟ್ಟಿಲು ಉಂಟಂತ ನನಗೆ ಮೊದಲೇ ಗೊತ್ತಿತ್ತು. ಸೀಟು ಖಾಲಿ ಇತ್ತು. ಅದಕ್ಕೆ ಹಾಗೆ ಹೇಳಿದೆ."

"ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಬಂದ ಮೇಲೆ ಪಾದ್ರಿಗಳ ಹತ್ರ ಪಾಪನಿವೇದನೆಗೆ ಹೋಗ್ತಾ ಇದ್ದೇನೆ. ಪ್ರತಿ ವಾರ. ಯಾವ ಪಾಪ ಅಂತ ಅವರು ಕೇಳಿದ್ರೆ ನನಗೆ ಹೇಳ್ಲಿಕ್ಕೇ ಗೊತ್ತಾಗುದಿಲ್ಲ" ಎಂದಳು ಆಕೆ. ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಕುರ್ಚಿಯ ಕೈ ಹಿಡಿದು ಎದ್ದಳು. "ಜೋಕಿಂ, ಇಲ್ಲಿ ಕೇಳಿ. ಮೆಟ್ಟಿಲುಂಟು. ನಾನು ಸುಳ್ಳು ಹೇಳಿದ್ದು. ಒಳಗೆ ಹೋಗ್ಲೇ ಇಲ್ಲ, ಬಸ್ಸಿನಲ್ಲಿ ಕೂತಿದ್ದೆ."

ಇವಾನ್‌ನ ಕೈಯ ತಟ್ಟೆ ಓರೆಯಾಯಿತು. "ಮಮ್ಮೀ?"

"ಆಮೇಲೆ ಹೇಳ್ತೇನೆ ಪುತಾ."

ಇವಾನ್ ತಾಯಿಯ ಮುಖ ನೋಡಿದ, ಆಮೇಲೆ ಭೋಜರಾಜನದ್ದು. ಯಾರೂ ಏನೂ ಹೇಳದೆಯೇ ಅವನಿಗೆ ಅರ್ಧ ತಿಳಿದಂತಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟ. ಭೋಜರಾಜನಿಗೆ ಬಿಸ್ಕೀಟು ಕೊಡಲಿಲ್ಲ.

ಜೋಕಿಂ ಮಾತ್ರ ಬಿಡಲಿಲ್ಲ. "ಬಸ್ಸು ಎಲ್ಲಿವರೆಗೆ ಹೋಗ್ತದೆ? ಕೂತಲ್ಲಿಂದ ಎಂತಾದ್ರೂ ಕಾಣ್ತದಾ?" ಕೇಳಿದ್ದು ಭೋಜರಾಜನನ್ನು.

"ಗೊತ್ತಿಲ್ಲ ಪೊರ್ಬುಲೇ. ನಾನು ಆ ಊರು ನೋಡಿದವನೇ ಅಲ್ಲ."

"ನಾನು ಹೇಳ್ತೇನೆ" ಎಂದಳು ಸೆವ್ರಿನ್ ಬಾಯಿ. ನಕ್ಷೆಯ ಕಡೆ ಆಕೆ ನೋಡಲೇ ಇಲ್ಲ. "ಬಸ್ಸು ಗೋಡೆಯ ಕೆಳಗೆ ನಿಲ್ತದೆ, ಕಣಿವೆಯಲ್ಲಿ. ಒಂದು ಬದಿ ಗುಡ್ಡ, ಇಡೀ ಗುಡ್ಡ ಗೋರಿಗಳು, ಒಂದರ ಮೈಗೆ ಒಂದು. ಇನ್ನೊಂದು ಬದಿ ಗೋಡೆ. ಅದರಲ್ಲಿ ಒಂದು ದೊಡ್ಡ ಬಾಗಿಲುಂಟು, ಕಲ್ಲು ಕಟ್ಟಿ ಮುಚ್ಚಿದ್ದಾರೆ. ನಾನು ಇಡೀ ಹೊತ್ತು ಆ ಬಾಗಿಲನ್ನೇ ನೋಡಿದೆ."

ಜೋಕಿಂ ಕುರ್ಚಿಯನ್ನು ಆಕೆಯ ಹತ್ತಿರ ಎಳೆದುಕೊಂಡ. ಉಳಿದವರೂ ಲೋಟ ಹಿಡಿದು ಅತ್ತ ಸರಿದರು. ಭೋಜರಾಜ ಅತ್ತ ಹೋಗಲಿಲ್ಲ. ಸಭಾಂಗಣ ಬಿಟ್ಟು ಹೋಗುವ ಧೈರ್ಯವೂ ಬರಲಿಲ್ಲ. ನಿಂತಲ್ಲಿಂದಲೇ ಒಂದೊಂದು ಮಾತನ್ನೂ ಕೇಳಿಸಿಕೊಂಡ.