ಹುಟ್ಟು ಕೆಳಗಿಟ್ಟ ಸಕ್ಕುಬಾಯಿ

ಸಕ್ಕುಬಾಯಿಯ ದೋಣಿ ಹತ್ತಿದವರು ಯಾರೇ ಆಗಲಿ, ಅವಳು ಹೇಳಿದ ಕಡೆಯೇ ಕೂರಬೇಕು. ಮದುಮಗನಿರಲಿ, ಶಾಸಕರಿರಲಿ, ಅವಳಿಗೆ ಎಲ್ಲರೂ ಬರೀ ಭಾರ. ನಮ್ಮೂರಿನಲ್ಲಿ ಇದಕ್ಕೆ ಯಾರೂ ಎದುರಾಡುವುದಿಲ್ಲ.

೨೦೧೩ರ ಮಾರ್ಚ್‌ನಲ್ಲಿ ಸಕ್ಕರೆ ಕಾರ್ಖಾನೆಯ ಗಟಾರದ ನೀರಿಗೆ ಕೃಷ್ಣೆಯ ಮೀನುಗಳು ಸತ್ತು ತೇಲಿದವು. ಮೀನು ಹಿಡಿದು ಬದುಕುವ ನಮ್ಮ ಓಣಿಯಲ್ಲಿ ಒಲೆ ಹೊತ್ತುವುದೇ ಕಷ್ಟವಾಯಿತು. ದೂರು ಕೊಟ್ಟೆವು. ಎರಡು ಸಲ ನೀರು ಪರೀಕ್ಷೆಗೆ ಹೋಯಿತು, ಎರಡು ಸಲವೂ ಚೊಕ್ಕ ನೀರೆಂದು ಕಾಗದ ಬಂತು. ಬರದೇ ಏನು? ಕಾರ್ಖಾನೆಯ ಮ್ಯಾನೇಜರ್ ತಾತ್ಯಾಸಾಹೇಬ ಪರೀಕ್ಷೆಗೆ ಬಂದ ಅಧಿಕಾರಿಗಳನ್ನು ಜೀಪಿನಲ್ಲಿ ಕರೆದೊಯ್ದು, ಗಟಾರ ಸೇರುವ ಜಾಗಕ್ಕಿಂತ ಮೇಲಿನ ಹೊಳೆನೀರು ತುಂಬಿಸಿ ಕಳಿಸುತ್ತಿದ್ದ. ಮೂರನೆಯದೂ ಹಾಗೇ ಬಂದರೆ ನಮ್ಮ ದೂರು ಮುಗಿದಂತೆ.

ಮೂರನೆಯ ಸಲ ಬಂದವಳು ಪೂನಮ ಎಂಬ ಹೊಸ ಅಧಿಕಾರಿ. ಹೊಳೆ ಇಳಿದು ದಡವೆಲ್ಲ ಕೆಸರಾಗಿದ್ದರಿಂದ ದೋಣಿಯೇ ಗತಿ. ತಾತ್ಯಾಸಾಹೇಬನೂ ಹತ್ತಿದ. ಅವನ ಬಿಳಿ ಪ್ಯಾಂಟು ನೋಡಿ ಸಕ್ಕುಬಾಯಿ ಅವನನ್ನು ಮೀನಿನ ಬುಟ್ಟಿಯ ಪಕ್ಕಕ್ಕೇ ಕೂರಿಸಿದಳು. ಹಿಂದೆ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ.

"ಮ್ಯಾಲಕ್ಕ ನಡಸ" ಎಂದ ತಾತ್ಯಾಸಾಹೇಬ.

ಸಕ್ಕುಬಾಯಿ ಕೆಳಕ್ಕೆ ನಡೆಸಿದಳು. ಗಟಾರ ಹೊಳೆಗೆ ಬೀಳುವಲ್ಲಿ ನೀರು ಕಾಕಂಬಿಯಂತೆ ಕರ್ರಗಿತ್ತು. ಅಲ್ಲಿ ಹಗ್ಗ ಕಟ್ಟಿದ ಕಲ್ಲನ್ನು ನೀರಿಗಿಳಿಸಿ, ಹುಟ್ಟನ್ನು ಕೆಳಗಿಟ್ಟು ಅದರ ಮೇಲೆ ಕಾಲಿಟ್ಟಳು.

"ಇಲ್ಲೇ ತುಂಬ್ರಿ, ಬಾಯಾರ" ಎಂದಳು ಪೂನಮಳಿಗೆ.

"ದೋಣಿ ಗುತ್ತಿಗಿ ನಾಳೇನ ಕಸಗೊಳ್ಳಾಕ ಹಚ್ತೀನಿ, ನೋಡ" ಎಂದ ತಾತ್ಯಾಸಾಹೇಬ.

"ನಾಳಿದ್ದು ನಾಳೆ ನೋಡೂಣ್ರಿ. ಇಲ್ಲಿ ಬಾಟ್ಲಿ ತುಂಬೂತನಕ ನಾ ಹುಟ್ಟ ಮುಟ್ಟಂಗಿಲ್ಲ. ಅವಸರ ಇದ್ರ ಈಜಿ ಹೋಗ್ರಿ. ನೀರ ಚೊಕ್ಕ ಐತಂತಲ್ಲ."

ತಾತ್ಯಾಸಾಹೇಬ ನೀರು ನೋಡಿದ. ದೋಣಿಯ ಅಂಚಿನಲ್ಲಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ. ಪೂನಮ ಅದನ್ನು ನೋಡಿದಳು. ಮೂರು ಬಾಟಲಿ ತುಂಬಿದಳು, ಚೀಟಿಯಲ್ಲಿ ಜಾಗ ಬರೆದಳು, ಸಾಕ್ಷಿಯ ಸಹಿಗೆ ಪೆನ್ನನ್ನು ಅವನ ಮುಂದೆಯೇ ಹಿಡಿದಳು. ಹುಟ್ಟಿನ ಮೇಲೆ ಸಕ್ಕುಬಾಯಿಯ ಕಾಲು ಇನ್ನೂ ಇತ್ತು. ಅವನು ಸಹಿ ಹಾಕಿದ.

ಗಟಾರ ಮುಚ್ಚಬೇಕೆಂದು ಹದಿನೈದು ದಿನಕ್ಕೆ ಆದೇಶ ಬಂತು. ಅದೇ ವಾರ ಸಕ್ಕುಬಾಯಿಯ ಗುತ್ತಿಗೆ ಹೋಯಿತು. ಹೊಸಬನೊಬ್ಬ ಬಣ್ಣದ ದೋಣಿ ತಂದು ನಿಲ್ಲಿಸಿದ. ನಮ್ಮಲ್ಲಿ ಒಬ್ಬರೂ ಹತ್ತಲಿಲ್ಲ. ದಡದಲ್ಲಿ ನಿಂತು ಸಕ್ಕುಬಾಯಿಯನ್ನು ಕರೆದೆವು. ಅವಳು ಬಂದು ಹಳೆಯ ದೋಣಿ ಬಿಚ್ಚಿದಳು, ಎಂದಿನಂತೆ ತನಗೆ ಬೇಕಾದ ಕಡೆ ನಮ್ಮನ್ನು ಕೂರಿಸಿದಳು.