ಕಟ್ಟೆಯಿಂದ ಕೆಳಗಿಳಿದ ಸಭೆ

ತಿಕೋಟಾದಿಂದ ಕನಮಡಿಗೆ ಹೋಗುವ ದಾರಿಯ ಬದಿಗೆ ಹುಣಸಿಮರದ ವಸ್ತಿ. ಕುರಿ ಸಾಕುವವರು, ಹೊಲ ಮಾಡುವವರು ಕೂಡಿ ಬಾಳುವ ಸಣ್ಣ ಊರು. ಬೆಳಿಗ್ಗೆ ಕುರಿಗಳು ಅಡವಿಯ ಹಾದಿ ಹಿಡಿದ ಮೇಲೆ ಅಲ್ಲಿಗೆ ಒಂದು ಹಳದಿ ವ್ಯಾನು ಬರುತ್ತದೆ. ತಿಕೋಟಾದ ಖಾಸಗಿ ಶಾಲೆಗೆ ಮಕ್ಕಳನ್ನು ಒಯ್ಯುವ ವ್ಯಾನು.

"ಕಸ್ತೂರಕ್ಕಾ, ಏನ್ ಮಾಡ್ದಿ? ಸೋಮವಾರದ ತನಕ ಸೀಟ್ ಇಟ್ಟಿರ್ತೀನಿ" ಎಂದ ವ್ಯಾನಿನ ಬಾಬುಸಾಬ.

ಮಗಳನ್ನು ಆ ವ್ಯಾನಿಗೆ ಹಾಕುವುದೋ ಬೇಡವೋ, ಕಸ್ತೂರಿ ಇನ್ನೂ ಗೊತ್ತುಮಾಡಿರಲಿಲ್ಲ. ಹಿಂದಿನ ಸಂಜೆಯಿಂದ ಅವಳ ತಲೆ ಕೆಟ್ಟು ಹೋಗಿತ್ತು.

ಅವಳ ಮಗಳು ಗೀತಾಂಜಲಿ ವಸ್ತಿಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಸಂಜೆ ಅಂಗಳದ ಒಲೆಯ ಹತ್ತಿರ ಕೂತು ಪಟಪಟ ಓದುತ್ತಿದ್ದಳು. ರೊಟ್ಟಿ ಬಡಿಯುತ್ತ ಕೇಳುವ ಕಸ್ತೂರಿಗೆ ಎಲ್ಲಿಲ್ಲದ ಹಿಗ್ಗು. ಅಷ್ಟರಲ್ಲಿ ಗಾಳಿ ಬೀಸಿತು. ಆನೆಯ ಚಿತ್ರವಿದ್ದ ಪುಟ ಮಗುಚಿ ಬಾವಿಯ ಚಿತ್ರವಿದ್ದ ಪುಟ ಬಂತು. ಹುಡುಗಿ ನಿಲ್ಲಲೇ ಇಲ್ಲ. ಬಾವಿಯ ಮೇಲೆ ಬೆರಳಿಟ್ಟು ಆನೆಯ ಪಾಠವನ್ನೇ ಓದುತ್ತ ಹೋದಳು.

ಕಸ್ತೂರಿಗೆ ಅಕ್ಷರ ಬರುವುದಿಲ್ಲ. ಆದರೆ ಚಿತ್ರ ಕಾಣುತ್ತದಲ್ಲ?

"ಇದರಾಗ ಆನಿ ಎಲ್ಲೈತಿ ಬೇ?"

"ಸಾಲ್ಯಾಗ ಹಿಂಗ ಅಂತೇವಿ ಅವ್ವಾ. ಒಬ್ಬಾಕಿ ಅಂದ್ಲಂದ್ರ ಎಲ್ಲಾರೂ ಅಂತೇವಿ."

ತಪ್ಪು ಯಾರದು? ಮಗಳದೋ, ಟೀಚರದೋ, ಇಷ್ಟು ದಿನ ಸುಮ್ಮನೆ ಹಿಗ್ಗಿದ ತನ್ನದೋ? ಕಸ್ತೂರಿಗೆ ಬಗೆಹರಿಯಲಿಲ್ಲ.

ಗಂಡ ಮಲ್ಲಿನಾಥ ಕುರಿ ಹಟ್ಟಿಗೆ ಕೂಡಿಹಾಕಿ ಬಂದವನು, "ವ್ಯಾನಿಗೆ ಹಾಕಿಬಿಡು. ಬಸಗೊಂಡಪ್ಪ ಕಾಕಾನ ಮೊಮ್ಮಕ್ಕಳೂ ಅದರಾಗ ಹೋಗ್ತಾವ" ಎಂದ.

"ಇಲ್ಲಿ ಆನಿ ಅಂದದ್ದರ ನನಗ ತಿಳೀತು. ಅಲ್ಲಿ ಇಂಗ್ಲಿಷಿನ್ಯಾಗ ಅಂದ್ರ ಆನಿನೋ ಬಾವಿನೋ ಹೆಂಗ ಗೊತ್ತಾಗಬೇಕ್ರಿ?"

ಅತ್ತೆ ಮುದುಕವ್ವ ನಕ್ಕಳು. "ನಾ ಯಾವ ಪುಸ್ತಕ ಓದಿ ನಿನ್ನ ಗಂಡನ್ನ ಹಡದೀನಿ? ಸುಮ್ನ ರೊಟ್ಟಿ ನೋಡ, ಸುಟ್ಟಾವು."

ಮರುದಿನ ವ್ಯಾನು ಹೋದ ಮೇಲೆ ಕಸ್ತೂರಿ ಗೌರಾಬಾಯಿಯ ಕಿರಾಣಿ ಅಂಗಡಿಗೆ ಹೋದಳು. ಗೌರಾಬಾಯಿ ಮಹಿಳಾ ಸಂಘ ನಡೆಸುವಾಕೆ. ಎಲ್ಲವನ್ನೂ ಕೇಳಿ, "ಇದಕ್ಕ ಸಾಲಿ ಸಮಿತಿ ಐತಲ್ಲ, ಎಸ್‌ಡಿಎಂಸಿ. ಶನಿವಾರ ಸಭಾ. ಅಲ್ಲಿ ಕೇಳು" ಎಂದಳು.

"ಅದು ಬಸಗೊಂಡಪ್ಪ ಕಾಕಾಂದಲ್ಲ?"

"ಅಂವಂದ್ಯಾಕ? ಸಮಿತ್ಯಾಗ ಮುಕ್ಕಾಲು ಪಾಲು ಅಲ್ಲಿ ಕಲಿಯೋ ಮಕ್ಕಳ ಅವ್ವ-ಅಪ್ಪಾನೇ ಇರಬೇಕು. ಅರ್ಧ ಮಂದಿ ಹೆಣಮಕ್ಕಳು. ಕಾಯ್ದೆ ಹೇಳತೈತಿ. ನೀ ಸಭಾಕ್ಕ ಹೋಗಿಲ್ಲೇನು?"

"ಹೋಗೇನಿ. ಕಟ್ಟಿ ಕೆಳಗ ನಿಂತು ಬಂದೇನಿ."

ಶಾಲೆಯ ಖೋಲಿ ಸಣ್ಣದೆಂದು ಸಭೆ ನಡೆಯುವುದು ಬೀರಪ್ಪನ ಗುಡಿಯ ಎತ್ತರದ ಕಟ್ಟೆಯ ಮೇಲೆ. ವಸ್ತಿಯ ಹೆಂಗಸರು ಆ ಕಟ್ಟೆ ಏರುವುದಿಲ್ಲ. ಹಿಂದಿನಿಂದ ಬಂದ ಪದ್ಧತಿ. ಅವರು ಕೆಳಗೆ, ಕಟ್ಟೆಯ ಮರೆಯಲ್ಲಿ ನಿಲ್ಲುತ್ತಾರೆ. ಮೇಲಿನ ಮಾತು ಅರ್ಧ ಕೇಳುತ್ತದೆ, ಅರ್ಧ ಗಾಳಿಗೆ ಹೋಗುತ್ತದೆ.

"ನಾ ಕೇಳಿದ್ರ ಹುಡಿಗಿಗೆ ಓದು ಬರತೈತೇನಕ್ಕಾ?"

"ಗ್ಯಾರಂಟಿ ನಾ ಕೊಡಾಂಗಿಲ್ಲವ್ವಾ. ಕೇಳಲಿಲ್ಲ ಅಂದ್ರ ಬರಾಂಗಿಲ್ಲ, ಅಷ್ಟ ಗೊತ್ತು."

ಶನಿವಾರ ಸಭೆ ಕೂಡಿತು. ಕಟ್ಟೆಯ ಮೇಲೆ ಸಮಿತಿಯ ಅಧ್ಯಕ್ಷ ಬಸಗೊಂಡಪ್ಪ ಮತ್ತು ಉಳಿದ ಗಂಡಸರು, ನಡುವೆ ಕುರ್ಚಿಯಲ್ಲಿ ಶಾಂಭವಿ ಟೀಚರ್. ಆಕೆ ಇದೇ ವರ್ಷ ಬಂದವರು, ದಿನಾ ವಿಜಯಪುರದಿಂದ ಬಸ್ಸಿಗೆ ಬಂದು ಹೋಗುತ್ತಾರೆ. ಹೊರಗಿನವರಾದ ಅವರಿಗೆ ಕಟ್ಟೆಯ ಪದ್ಧತಿ ಇಲ್ಲ, ಅದರ ಸುದ್ದಿಯೂ ಗೊತ್ತಿಲ್ಲ. ಕೆಳಗೆ ತಾಯಂದಿರೆಲ್ಲ, ಜೊತೆಗೆ ಮುದುಕವ್ವ, ಗೌರಾಬಾಯಿ ಕೂಡ, ಸೆರಗು ಹೊತ್ತು ನಿಂತಿದ್ದರು.

"ತಾಯಂದಿರು ಒಬ್ಬರೂ ಬಂದಿಲ್ಲ ನೋಡ್ರಿ" ಎಂಬ ಶಾಂಭವಿಯವರ ಮಾತು ಮೇಲಿನಿಂದ ಕೇಳಿಸಿತು. "ಮಕ್ಕಳ ಓದಿನ ಕಾಳಜಿನೇ ಇಲ್ಲ."

ಕಸ್ತೂರಿ ಗಲಿಬಿಲಿಗೊಂಡಳು. ತಾನು ಇಲ್ಲೇ ನಿಂತಿದ್ದೇನಲ್ಲ? ಮುದುಕವ್ವ ರಟ್ಟೆ ಚಿವುಟಿ "ಸುಮ್ನಿರ" ಎಂದಳು. ಆದರೆ ಮಾತು ಆಗಲೇ ಹೊರಗೆ ಬಿದ್ದಿತ್ತು.

"ಅಕ್ಕೋರ, ನಾವು ಬಂದೇವ್ರಿ! ಇಲ್ಲೇ ಕೆಳಗ ಅದೇವ್ರಿ!"

ಶಾಂಭವಿ ಕಟ್ಟೆಯ ಅಂಚಿಗೆ ಬಂದು ಬಗ್ಗಿ ನೋಡಿದರು. ಅವರ ಮುಖ ಸಣ್ಣದಾಯಿತು. "ಮ್ಯಾಲ ಬರ್ರಿ ಮತ್ತ" ಎಂದರು. ಯಾರೂ ಕದಲಲಿಲ್ಲ.

"ನಮ್ಮ ವಸ್ತಿ ಹೆಣಮಕ್ಕಳು ಏರಾಂಗಿಲ್ರಿ ಟೀಚರ್" ಎಂದ ಬಸಗೊಂಡಪ್ಪ.

ಆಗ ಮಾತಾಡಿದವಳು ಮುದುಕವ್ವ! "ನಾವು ಏರಾಂಗಿಲ್ಲೋ ಬಸಗೊಂಡಪ್ಪ. ನಿನಗ ಇಳಿಬ್ಯಾಡ ಅಂತ ಯಾವ ದೇವ್ರು ಹೇಳ್ಯಾನ?"

ಗಂಡಸರೇ ಮೊದಲು ನಕ್ಕರು. ಶಾಂಭವಿ ಕುರ್ಚಿ ಬಿಟ್ಟು ಇಳಿದು ಬಂದು ನೆಲದ ಮೇಲೆ ಕೂತರು. ಉಳಿದವರು ಧೋತರ ಎತ್ತಿಕೊಂಡು ಹಿಂದೆಯೇ ಇಳಿದರು.

ಕಸ್ತೂರಿ ತೊದಲುತ್ತ ಆನೆ-ಬಾವಿಯ ಕತೆ ಹೇಳಿದಳು. "ನಮ್ಮ ಹುಡುಗಂದೂ ಹಂಗೈತಿ" ಎಂದಳು ಇನ್ನೊಬ್ಬ ತಾಯಿ ಕಾಳವ್ವ. ಮತ್ತೊಬ್ಬಳೂ ಹೌದೆಂದಳು.

"ಮೂರು ಇಯತ್ತೆ ಒಂದೇ ಖೋಲ್ಯಾಗ ಕೂಡ್ತಾವ್ರಿ" ಎಂದರು ಶಾಂಭವಿ. "ಕೂಡಿ ಓದಿದ್ರ ಎಲ್ಲಾರಿಗೂ ಬರತೈತಿ ಅಂದ್ಕೊಂಡೆ. ಒಬ್ಬೊಬ್ಬರನ್ನ ಕೇಳಬೇಕಿತ್ತು. ಕೇಳತೀನಿ."

ಅಂದೇ ಕೆಲವು ಮಾತು ಗಟ್ಟಿಯಾದವು. ಇನ್ನು ಸಭೆ ಶಾಲೆಯ ಅಂಗಳದಲ್ಲಿ, ಕುರಿ ಹಟ್ಟಿಗೆ ಬಂದ ಮೇಲೆ. ಇನ್ನೊಬ್ಬ ಶಿಕ್ಷಕರನ್ನು ಕೊಡಿ ಎಂದು ಶಿಕ್ಷಣಾಧಿಕಾರಿಗಳ ಕಚೇರಿಗೆ ಸಮಿತಿಯಿಂದ ಅರ್ಜಿ. ದಿನಾ ಮಧ್ಯಾಹ್ನ ಮಕ್ಕಳು ಒಬ್ಬೊಬ್ಬರಾಗಿ ಓದಬೇಕು, ಪಾಳಿಯ ಮೇಲೆ ಒಬ್ಬ ತಾಯಿ ಅಲ್ಲಿ ಕೂಡಬೇಕು.

"ನನ್ನ ಮೊಮ್ಮಕ್ಕಳು ಇಲ್ಲಿಲ್ಲ. ನಾ ಯಾಕ ಕೂತೇನೋ ನನಗೂ ತಿಳೀವಲ್ದು" ಎಂದು ಬಸಗೊಂಡಪ್ಪ ಟವೆಲ್ ಕೊಡವಿ ಅಧ್ಯಕ್ಷನ ಜಾಗ ಬಿಟ್ಟುಕೊಟ್ಟ. ಹೆಂಗಸರು ಅಧ್ಯಕ್ಷಳಾಗೆಂದು ಕಸ್ತೂರಿಯನ್ನು ಮುಂದೆ ದೂಡಿದರು.

"ಯವ್ವಾ, ನನಗ ಸಹಿ ಸುದ್ದಾ ಬರಾಂಗಿಲ್ಲ!"

"ಆನಿ, ಬಾವಿ ಗುರ್ತು ಹಿಡದೀಯಲ್ಲ? ಸಹಿ ನಾವು ಕಲಸ್ತೀವಿ" ಎಂದಳು ಗೌರಾಬಾಯಿ.

ಸೋಮವಾರ ಕಸ್ತೂರಿ ಬಾಬುಸಾಬನಿಗೆ "ಇನ್ನಷ್ಟ ದಿನ ತಡಿಯಣ್ಣಾ" ಎಂದಳು. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಅವಳಿಗೇ ತಿಳಿಯದು.

ದಿನಗಳು ಹೋದವು. ಹೊಸ ಶಿಕ್ಷಕರು ಇನ್ನೂ ಬಂದಿರಲಿಲ್ಲ, ಸಮಿತಿ ಎರಡನೆಯ ಅರ್ಜಿ ಕೊಟ್ಟಿತ್ತು. ಗೀತಾಂಜಲಿ ಈಗ ತಡವರಿಸಿ ತಡವರಿಸಿ ಓದುತ್ತಿದ್ದಳು. "ಮೊದಲ ಹೆಂಗ ಪಟಪಟ ಓದ್ತಿದ್ಳು! ಸಭಾ ಮಾಡಿ ಇದ್ದದ್ದೂ ಹಾಳು ಮಾಡಿದ್ರಿ" ಎಂದ ಮಲ್ಲಿನಾಥ ಒಂದು ಸಂಜೆ ಅಂಗಳದಲ್ಲಿ. ಕಸ್ತೂರಿಗೂ ಅದೇ ಅಂಜಿಕೆ ಒಳಗೊಳಗೇ ಕೊರೆಯುತ್ತಿತ್ತು.

ಅಷ್ಟರಲ್ಲಿ ಗಾಳಿ ಬೀಸಿತು. ಪುಟ ಮಗುಚಿತು.

ಹುಡುಗಿ ನಿಂತಳು.

"ತಡಿ ಅವ್ವಾ, ಪುಟ ಹೊಳ್ಳೇತಿ" ಎಂದು ಹಿಂದಿನ ಪುಟ ಹುಡುಕಿ, ಬೆರಳಿಟ್ಟು, ಬಿಟ್ಟಲ್ಲಿಂದ ಮತ್ತೆ ಓದತೊಡಗಿದಳು. ಮಲ್ಲಿನಾಥ ಮಗಳ ಹತ್ತಿರ ಸರಿದು ಕೂತ.

ಮರುದಿನ ವ್ಯಾನು ಹಾರ್ನ್ ಹಾಕಿದಾಗ ಕಸ್ತೂರಿಗಿಂತ ಮೊದಲೇ ಮುದುಕವ್ವ ಕೂಗಿದಳು: "ಹೋಗೋ ಬಾಬುಸಾಬ! ನಮ್ಮ ಹುಡಿಗಿ ನಮ್ಮ ಸಾಲಿಗೇ ನಡಕೋತ ಹೊಕ್ಕಾಳ."

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಒಂದು ಸಭೆಯಿಂದ ಶಾಲೆಯ ಎಲ್ಲ ಕೊರತೆ ನೀಗುತ್ತದೆ ಎಂದು ನಾವು ಹೇಳಲಾರೆವು. ಆದರೆ ಸರ್ಕಾರಿ ಶಾಲೆಯ ಸಮಿತಿ ನಿಮ್ಮದು. ಅದರ ಸಭೆ ನಿಮಗೆ ಕೂಡಲು ಬಾರದ ಜಾಗದಲ್ಲಿ, ಆಗದ ಹೊತ್ತಿನಲ್ಲಿ ನಡೆಯುತ್ತಿದ್ದರೆ ಬದಲಿಸಿರಿ ಎಂದು ಕೇಳಿರಿ. ಗೊಂದಲವಿದ್ದರೆ ಗೊಂದಲ ಹೊತ್ತುಕೊಂಡೇ ಹೋಗಿರಿ. ಇವತ್ತು ಸಂಜೆ ಮಗು ಓದುವಾಗ ಮೆಲ್ಲಗೆ ಒಂದು ಪುಟ ಮಗುಚಿ ನೋಡಿರಿ. ನಿಮಗೆ ಅಕ್ಷರ ಬರದಿದ್ದರೂ ನಡೆದೀತು.