ತೂಕವಿಲ್ಲದ ಲ್ಯಾಪ್‌ಟಾಪ್

ಅಪ್ಪ ಆ ಲ್ಯಾಪ್‌ಟಾಪನ್ನು ಮತ್ತೆ ಎತ್ತಿದರು, ಅಂಗೈ ಮೇಲಿಟ್ಟು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿದ್ದಾರೆ, ಅಪ್ಪ, ಇದು ಸ್ಟೀಲ್ ಪಾತ್ರೆಯಲ್ಲ, ಗಾಂಧಿಬಜಾರಿನಲ್ಲಿ ಕೊಳಗ ಕೊಳ್ಳುವಾಗಲೂ ಹೀಗೇ, ತಕ್ಕಡಿ ಜಗ್ಗದಿದ್ದರೆ ಈ ರಿಟೈರ್ಡ್ ಗಣಿತದ ಮೇಷ್ಟರು ಬದರೀನಾರಾಯಣರಿಗೆ ಯಾವುದೂ ಗಟ್ಟಿಯಲ್ಲ, ಏನಮ್ಮಾ ಆರಾಧನಾ, ತೂಕಾನೇ ಇಲ್ವಲ್ಲ, ಒಳಗೇನೂ ಹಾಕೇ ಇಲ್ವೇನೋ ಅನ್ನುತ್ತಾರೆ — ತೂಕ ಇರಬಾರದು ಅಂತಲೇ ತಾನೇ ಮೂರು ಭಾನುವಾರದಿಂದ ಅಂಗಡಿ ಅಂಗಡಿ ಅಲೆಯುತ್ತಿರುವುದು, ಒಂದೂಕಾಲು ಕೆಜಿ, ನನ್ನ ಕೈಗೆಟುಕುವ ಬೆಲೆ, ಪ್ರೋಗ್ರಾಂ ಬರೆಯಲು ಸಾಕಾಗುವಷ್ಟು ಮೆಮೊರಿ, ಇನ್ನೇನು ಬೇಕು, ಹಳೆಯದು ಮೂರೂವರೆ, ಚಾರ್ಜರ್ ಬೇರೆ, ಅದನ್ನು ಹೆಗಲಿಗೇರಿಸಿಕೊಂಡು ತಿಪಟೂರು, ಅರಸೀಕೆರೆ, ಕಡೂರು, ಊರೂರಿನ ಸಹಕಾರ ಸಂಘಗಳಿಗೆ ನಾನು ಬರೆದ ಪ್ರೋಗ್ರಾಂ ಹಾಕಿಕೊಟ್ಟು ಬರುವಷ್ಟರಲ್ಲಿ ಬಲಗೈ ಮರಗಟ್ಟಿರುತ್ತದೆ, ಇನ್ನೂ ಭಾರ ಹೊತ್ತರೆ ಆಪರೇಷನ್ನೇ ಗತಿ ಅಂದರು ಡಾಕ್ಟರು, ಅಪ್ಪನೆದುರೇ ಅಂದರು, ತಲೆಯಾಡಿಸಿದ್ದ ಇದೇ ಅಪ್ಪ ಈಗ ಮೂಲೆಯಲ್ಲಿರುವ ಆ ದಪ್ಪನೆಯದನ್ನು ತೋರಿಸಿ ಮಜಬೂತಾಗಿದೆ ನೋಡು ಅನ್ನುತ್ತಾರೆ, ನನಗೆ ತಲೆ ಚಿಟ್ಟು ಹಿಡಿಯುತ್ತಿದೆ.

ಅಂಗಡಿಯ ಪಂಚಾಕ್ಷರಯ್ಯನವರು ಗಡಿಯಾರ ನೋಡುತ್ತಿದ್ದಾರೆ, ನಾಲ್ಕೂವರೆಗೆ ರಾಹುಕಾಲ ಸಾರ್, ಅಷ್ಟರೊಳಗೆ ಬಿಲ್ ಹಾಕ್ಸಿಬಿಡಿ, ಅಪ್ಪನಿಗೆ ಗೊತ್ತಿಲ್ಲವೇ, ಗೊತ್ತಿದ್ದೇ ಹೊತ್ತು ಎಳೆಯುತ್ತಿದ್ದಾರೆ, ಹೋದ ವಾರ ರಾಹುಕಾಲ ಬಂತು, ಅದರ ಹಿಂದಿನ ವಾರ ಅಮಾವಾಸ್ಯೆ, ನಾಳೆ ಬೆಳಿಗ್ಗೆ ಮತ್ತೆ ಅದೇ ಹಳೇ ಭಾರ, ಮತ್ತೆ ಆರಕ್ಕೇ ಅಪ್ಪ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ, ಅರವತ್ತೊಂಬತ್ತು ವರ್ಷ, ತ್ಯಾಗರಾಜನಗರದ ಮನೆಯಿಂದ ಬಸ್‌ಸ್ಟಾಪಿನವರೆಗೆ ಅದನ್ನು ನನ್ನ ಕೈಗೆ ಕೊಟ್ಟವರೇ ಅಲ್ಲ, ಹೊರುತ್ತಾರೆ, ಏದುಸಿರು ಬಿಡುತ್ತಾ ಮಾತಾಡುತ್ತಾರೆ, ಕಣ್ಣಿನ ಪೊರೆ, ಹಳೇ ಸ್ಕೂಲು, ಅಮ್ಮ ಇದ್ದಾಗಿನ ಸಂಗತಿ, ಮನೆಯಲ್ಲಾದರೆ ನಾನು ಸ್ಕ್ರೀನಿನಿಂದ ತಲೆಯೆತ್ತುವುದಿಲ್ಲ, ಹ್ಞೂಂ ಅನ್ನುತ್ತೇನೆ ಅಷ್ಟೆ — ಸಾಕು, ಸರ್, ಇದನ್ನೇ ಕೊಡಿ, ಬಿಲ್ ಹಾಕಿ, ನಾನೇ ಅಂದುಬಿಟ್ಟೆ, ಗಟ್ಟಿಯಾಗಿಯೇ ಅಂದೆ, ಹೊಸ ಬ್ಯಾಗಿನಲ್ಲಿ ಅಪ್ಪನೇ ಇಟ್ಟರು, ಜಿಪ್ ಎಳೆದರು, ಮೆಟ್ಟಿಲ ಮೇಲೆ ನಿಂತು ಇಷ್ಟೇ ಇದ್ರೆ ನೀನೇ ಹೊತ್ಕೊಂಡು ಹೋಗ್ತೀಯಲ್ಲಮ್ಮಾ, ನಾನ್ ಬರೋದು ಬೇಕಾಗಲ್ಲ ಇನ್ನು ಅಂದರು, ಸುಮ್ಮನೆ, ಹವಾಮಾನ ಹೇಳಿದ ಹಾಗೆ, ಅಯ್ಯೋ ಅಪ್ಪ, ಮೂರು ಭಾನುವಾರ ಇದಕ್ಕಾ, ನಾಳೆಯೂ ಬನ್ನಿ ಅನ್ನಬೇಕು, ಖಾಲಿ ಕೈಯಲ್ಲಿ ಬನ್ನಿ, ಅದು ಬಿಟ್ಟು ಬ್ಯಾಗಿಗೆ ಕೈಹಾಕಿದ್ದೇನೆ, ಒಂದು ಪಟ್ಟಿ ನನ್ನ ಹೆಗಲ ಮೇಲಿದೆ, ಇನ್ನೊಂದು ಅವರ ಕೈಯಲ್ಲಿ, ಎಳೆದೆ, ಬಿಡುತ್ತಿಲ್ಲ, ಬೆರಳ ಗಿಣ್ಣು ಬೆಳ್ಳಗಾಗಿದೆ, ಒಂದೂಕಾಲು ಕೆಜಿಗೆ ಅಷ್ಟು ಬಿಗಿ ಯಾಕೆ, ಆ ಬೆರಳು, ಆ ಪಟ್ಟಿ, ಬಿಡದ ಆ ಬೆರಳು —